ಕೋಲಾರದಲ್ಲಿ ಕೂತು ಪಿಜ್ಜಾ ತಿನ್ನೋಣ: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮತ್ತು ನನ್ನ ತಮ್ಮ ಸೇರಿ ಕೋಲಾರದಲ್ಲಿ ಒಂದು ಸಣ್ಣ ಪಿಜ್ಜಾ ಅಂಗಡಿ ನಡೆಸುತ್ತೇವೆ. ಏಳು ಟೇಬಲ್, ಒಂದು ಓವನ್. ತಮ್ಮ ಓವನ್ ನೋಡಿಕೊಳ್ಳುತ್ತಾನೆ. ಸಾಸ್, ಕೌಂಟರ್ ಎರಡೂ ನನ್ನದು. ದಿನಾ ಬರುವವರು ಹತ್ತಾರು ಪ್ರಶ್ನೆ ಕೇಳುತ್ತಾರೆ. ಕೈ ತುಂಬ ಕೆಲಸ ಇರುವಾಗ ಅರ್ಧ ಉತ್ತರ ಹೇಳಿ ಕಳಿಸಿ, ರಾತ್ರಿ ಬಾಗಿಲು ಹಾಕುವಾಗ ಬೇಜಾರು ಮಾಡಿಕೊಂಡಿದ್ದೇನೆ. ಕೇಳಿದವರಿಗೆ ಸರಿಯಾಗಿ ಹೇಳಬೇಕು ಅಲ್ವಾ? ಅದಕ್ಕೇ ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ಮೊದಲೇ ಫೋನ್ ಮಾಡಿ ಟೇಬಲ್ ಹೇಳಬೇಕಾ?

ವಾರದ ದಿನಗಳಲ್ಲಿ ಬೇಡ, ಸುಮ್ನೆ ಬನ್ನಿ. ಭಾನುವಾರ ಸಂಜೆ 7ರಿಂದ 9ರವರೆಗೆ ಸ್ವಲ್ಪ ಕಾಯಬೇಕಾಗುತ್ತೆ. ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ. ಟೇಬಲ್ ಹೇಗೋ ಹೊಂದಿಸಬಹುದು, ಹಿಟ್ಟು ಹೊಂದಿಸೋಕೆ ಆಗಲ್ಲ. ನಾಳೆಯ ಹಿಟ್ಟನ್ನು ಇವತ್ತೇ ಕಲಸಿ ಇಡುತ್ತೇವೆ. ಮಾಡಿಟ್ಟ ಉಂಡೆ ಮುಗಿದರೆ ಅವತ್ತಿನ ವ್ಯಾಪಾರವೂ ಮುಗಿಯಿತು.

ಅಂತರಗಂಗೆ ಬೆಟ್ಟ ಇಳಿದು ನೇರ ಬರ್ತೀವಿ. ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಿ?

ಮಧ್ಯಾಹ್ನ 12ರಿಂದ 3, ಸಂಜೆ 5ರಿಂದ 10. ಸೋಮವಾರ ರಜ. ಬೆಂಗಳೂರಿನಿಂದ ಬೆಟ್ಟ ಹತ್ತೋಕೆ ಬರುವ ಹುಡುಗರು ಹತ್ತು ಗಂಟೆಗೇ ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಆಗ ಓವನ್ ಇನ್ನೂ ತಣ್ಣಗಿರುತ್ತೆ. ಅದರ ಕಲ್ಲು ಚೆನ್ನಾಗಿ ಕಾಯೋಕೆ ಒಂದು ಗಂಟೆಗೂ ಜಾಸ್ತಿ ಬೇಕು. ದಯವಿಟ್ಟು ಎಲ್ಲಾದರೂ ಇಡ್ಲಿ ತಿಂದು, ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ನೋಡಿಕೊಂಡು ಬನ್ನಿ. ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳನ್ನು ನೋಡದೆ ಕೋಲಾರದಿಂದ ವಾಪಸ್ ಹೋಗಬೇಡಿ. ಶೂಗೆ ಮಣ್ಣು ಅಂಟಿದೆ ಅಂತ ಒಳಗೆ ಬರೋಕೆ ಸಂಕೋಚ ಬೇಡ. ನೆಲ ಒರೆಸೋದು ನಮಗೆ ಕಷ್ಟವಲ್ಲ.

ಮನೆಯಲ್ಲಿ ಅಜ್ಜಿ ತಾತ ಇದ್ದಾರೆ. ಅವರನ್ನೂ ಕರ್ಕೊಂಡು ಬರಬಹುದಾ? ಅವರು ತಿನ್ನೋ ಅಂಥದ್ದು ಏನಿದೆ?

ಖಂಡಿತ ಕರ್ಕೊಂಡು ಬನ್ನಿ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಎಷ್ಟೋ ಮನೆಯವರು ಅಜ್ಜಿಯನ್ನು ಮನೆಯಲ್ಲೇ ಬಿಟ್ಟು, ಮುದ್ದೆ ಮಾಡಿಟ್ಟು, ತಾವು ಬರುತ್ತಾರೆ. ಅದು ಬೇಡ ಅನ್ನೋದು ನನ್ನ ಆಸೆ.

ಒಂದು ಭಾನುವಾರ ಮುಳಬಾಗಿಲು ಕಡೆಯ ಒಂದು ಕುಟುಂಬ ಬಂದಿತ್ತು. ಅಜ್ಜಿ ಸೆರಗು ಹೊದ್ದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳು ಒಂದು ತುಂಡು ಎತ್ತಿದ ಕೂಡಲೇ ಚೀಸ್ ಎಳೆ ಎಳೆಯಾಗಿ ಬಂತು. ಅಜ್ಜಿ ಮುಖ ಆ ಕಡೆ ತಿರುಗಿಸಿಬಿಟ್ಟರು. ‘ನನಗೆ ನೀರು ಸಾಕು’ ಅಂದರು. ನಾನು ಒಳಗೆ ಹೋಗಿ ತಮ್ಮನಿಗೆ ಹೇಳಿ, ಚೀಸ್ ಇಲ್ಲದೆ, ಬರೀ ಟೊಮೆಟೊ ಸಾಸ್, ಹೆಚ್ಚಿದ ಬೆಳ್ಳುಳ್ಳಿ, ಸ್ವಲ್ಪ ಎಣ್ಣೆ ಹಾಕಿ ಒಂದು ಸಣ್ಣದು ಬೇಯಿಸಿ ತಂದೆ. ಅಜ್ಜಿ ಮೊದಲು ಅಂಚು ಮುರಿದರು. ಎರಡು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಆ ತುಂಡನ್ನು ಸಾಸಿಗೆ ಒತ್ತಿ ಬಾಯಿಗೆ ಹಾಕಿಕೊಂಡರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ‘ಟೊಮೆಟೊ ಗೊಜ್ಜು ಕಣಮ್ಮ ಇದು. ರೊಟ್ಟಿ ಮೇಲೇ ಬಳಿದು ಕೊಟ್ಟಿದ್ದೀಯ’ ಅಂದರು. ಅರ್ಧಕ್ಕಿಂತ ಜಾಸ್ತಿ ಅವರೇ ತಿಂದರು.

ಅಜ್ಜಿಗೆ ಅಂತ ಮಾಡಿದ ಆ ಪಿಜ್ಜಾ ಹೊಸದೇನಲ್ಲ. ಇಟಲಿಯ ನೇಪಲ್ಸ್ ಊರಿನಲ್ಲಿ ಮರಿನಾರಾ ಅಂತ ಮಾಡುವುದು ಇದನ್ನೇ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೋ, ಎಣ್ಣೆ, ಅಷ್ಟೇ. ಚೀಸ್ ಇಲ್ಲವೇ ಇಲ್ಲ. ಅವತ್ತಿನಿಂದ ನಮ್ಮ ಮೆನುವಿನಲ್ಲಿ ಅದು ಮೊದಲನೇ ಸಾಲಿನಲ್ಲಿದೆ. ಹಲ್ಲು ಸರಿ ಇಲ್ಲದವರಿಗೆ ಅಂತ ಹೇಳಿದರೆ ಅಂಚು ಮೆತ್ತಗೆ ಇರುವಂತೆ ಬೇಯಿಸಿ ಕೊಡುತ್ತೇವೆ.

ಕೈಯಲ್ಲಿ ತಿನ್ನಬಹುದಾ?

ಕೈಯಲ್ಲೇ ತಿನ್ನಿ. ಚಾಕು, ಫೋರ್ಕ್ ಕೇಳಿದರೆ ಕೊಡುತ್ತೇವೆ. ಬಿಸಿ ಜಾಸ್ತಿ ಇದ್ದರೆ ತುಂಡನ್ನು ಉದ್ದಕ್ಕೆ ಮಡಚಿ ಹಿಡಿಯಿರಿ, ಮೇಲಿನದ್ದು ಕೆಳಗೆ ಜಾರಲ್ಲ. ಕೈ ತೊಳೆಯೋಕೆ ಜಾಗ ಬಾಗಿಲ ಎಡಕ್ಕೇ ಇದೆ.

ಎಷ್ಟು ಜನಕ್ಕೆ ಯಾವ ಸೈಜು ಸರಿ?

ನಮ್ಮಲ್ಲಿ 7, 10, 12 ಇಂಚಿನವು ಇವೆ. 7 ಇಂಚು ಒಬ್ಬರಿಗೆ, 10 ಇಂಚು ಇಬ್ಬರಿಗೆ, 12 ಇಂಚು ಮೂವರಿಗೆ ಸಾಕು. ಮಕ್ಕಳಿದ್ದರೆ ನಾಲ್ವರೂ ತಿನ್ನಬಹುದು.

ಒಂದು ಲೆಕ್ಕ ಹೇಳುತ್ತೇನೆ, ನಿಮ್ಮ ದುಡ್ಡು ಉಳಿಯುತ್ತೆ. 10 ಇಂಚು ಅಂದರೆ 7 ಇಂಚಿಗಿಂತ ಮೂರೇ ಇಂಚು ಜಾಸ್ತಿ ಅನ್ನಿಸುತ್ತೆ. ಆದರೆ ತಿನ್ನುವ ಜಾಗ ಅಳೆದರೆ 7 ಇಂಚಿನದು ಸುಮಾರು 38 ಚದರ ಇಂಚು, 10 ಇಂಚಿನದು ಸುಮಾರು 78. ಅಂದರೆ ಒಂದು 10 ಇಂಚಿನದರಲ್ಲಿ ಎರಡು 7 ಇಂಚಿನಷ್ಟು ಪಿಜ್ಜಾ ಇದೆ. 12 ಇಂಚಿನದು 113 ಚದರ ಇಂಚು, ಹೆಚ್ಚುಕಡಿಮೆ ಮೂರು 7 ಇಂಚಿನಷ್ಟು. ಎಲ್ಲರೂ ಒಂದೇ ರುಚಿ ತಿನ್ನುವವರಾದರೆ ದೊಡ್ಡದೊಂದು ತೆಗೆದುಕೊಳ್ಳಿ. ಅರ್ಧ ಒಂದು ರುಚಿ, ಅರ್ಧ ಇನ್ನೊಂದು ರುಚಿ ಅಂದರೂ ಮಾಡಿ ಕೊಡುತ್ತೇವೆ. ಬೇರೆ ಅಂಗಡಿಗೆ ಹೋದಾಗಲೂ ಈ ಲೆಕ್ಕ ಹಾಕಿ ನೋಡಿ.

ಯಾಕೆ ಇಷ್ಟು ಹೊತ್ತು? ಹೇಳಿ ಇಪ್ಪತ್ತು ನಿಮಿಷ ಆಯ್ತು.

ಬೇಯೋಕೆ ಹಿಡಿಯುವುದು ಆರೇಳು ನಿಮಿಷ. ಉಳಿದದ್ದು ನಿಮ್ಮ ಮುಂದಿನವರ ಸರದಿ. ಓವನ್ ಒಳಗೆ ಒಂದು ಸಲಕ್ಕೆ ನಾಲ್ಕೇ ಹಿಡಿಯುತ್ತವೆ.

ಆದರೆ ನಿಜವಾದ ಕೆಲಸ ಶುರುವಾಗುವುದು ಹಿಂದಿನ ದಿನ. ಹಿಟ್ಟು, ನೀರು, ಉಪ್ಪು, ಚಿಟಿಕೆ ಯೀಸ್ಟ್, ಸ್ವಲ್ಪ ಎಣ್ಣೆ ಹಾಕಿ ನಾದಿ, ಉಂಡೆ ಕಟ್ಟಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಇಡ್ಲಿ ಹಿಟ್ಟು ರಾತ್ರಿಯೆಲ್ಲಾ ಹುದುಗು ಬಂದರೆ ಬೆಳಿಗ್ಗೆ ಹೇಗೆ ರುಚಿ ಏರುತ್ತೋ ಇದೂ ಹಾಗೇ. ತಣ್ಣಗೆ, ನಿಧಾನವಾಗಿ ಹುದುಗಿದ ಹಿಟ್ಟಿಗೆ ಬೇರೆಯೇ ಘಮ ಬರುತ್ತೆ. ಮಾರನೇ ದಿನ ಹೊರಗೆ ತೆಗೆದಿಟ್ಟು ಬಿಸುಪು ಏರಲು ಬಿಡಬೇಕು. ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ಸಾಕು. ಡಿಸೆಂಬರ್ ಚಳಿಯಲ್ಲಿ ಮೂರು ಗಂಟೆ ಆದರೂ ಉಂಡೆ ಗಟ್ಟಿಯಾಗಿ ಕೂತಿರುತ್ತೆ.

ನನ್ನ ತಮ್ಮ ಲಟ್ಟಣಿಗೆ ಮುಟ್ಟುವುದಿಲ್ಲ. ಲಟ್ಟಿಸಿದರೆ ಒಳಗಿನ ಗಾಳಿಯೆಲ್ಲಾ ಹೋಗಿ ಪಿಜ್ಜಾ ಚಪಾತಿಯ ಹಾಗೆ ಆಗುತ್ತೆ. ಬೆರಳ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗುತ್ತಾನೆ, ಸುತ್ತ ಒಂದು ಬೆರಳಗಲ ಅಂಚು ಬಿಡುತ್ತಾನೆ. ಗಾಳಿ ಆ ಅಂಚಿಗೆ ಬಂದು ಸೇರುತ್ತೆ. ಓವನ್ ಒಳಗೆ ಹೋದ ಕೂಡಲೇ ಅದು ಪೂರಿಯ ಹಾಗೆ ಉಬ್ಬುತ್ತೆ. ಬಂದಾಗ ಗಾಜಿನ ಈಚೆ ನಿಂತು ನೋಡಿ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ.

ನೇಪಲ್ಸಿನಲ್ಲಿ ಸೌದೆ ಓವನ್ ಬಿಸಿ 450 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದುಬಿಡುತ್ತೆ. ಅಲ್ಲಿನ ಪಿಜ್ಜಾ ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದು ಕರೆಂಟ್ ಓವನ್, 320 ಡಿಗ್ರಿ. ಅದಕ್ಕೇ ಆರೇಳು ನಿಮಿಷ. ಕರೆಂಟ್ ಹೋದರೆ ಮಾತ್ರ ಕ್ಷಮಿಸಬೇಕು. ಜನರೇಟರಿನಲ್ಲಿ ಓವನ್ ನಡೆಯಲ್ಲ.

ಅಂಚಿನಲ್ಲಿ ಕಪ್ಪು ಚುಕ್ಕೆ ಇದೆ. ಸೀದು ಹೋಗಿದೆಯಾ?

ಅಲ್ಲಲ್ಲಿ ಸಣ್ಣ ಚುಕ್ಕೆ ಇದ್ದರೆ ಸೀದಿಲ್ಲ. ಕಾದ ಕಲ್ಲಿನ ಮೇಲೆ ಬೆಂದದ್ದರ ಗುರುತು ಅದು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಹಪ್ಪಳದಲ್ಲೂ ಇರುತ್ತಲ್ಲ, ಹಾಗೆ. ತುಂಡನ್ನು ಎತ್ತಿ ಅಡಿಯನ್ನು ನೋಡಿ. ಅಡಿ ಕಂದು ಬಣ್ಣ ಇರಬೇಕು. ಅಡಿಯೆಲ್ಲಾ ಕಪ್ಪಾಗಿದ್ದರೆ ತಪ್ಪು ನಮ್ಮದು, ವಾಪಸ್ ಕೊಡಿ.

ಸಾಸ್ ಎಲ್ಲಿಂದ ತರ್ತೀರಿ?

ತರುವುದಿಲ್ಲ, ಮಾಡುತ್ತೇವೆ. ಕೋಲಾರದಲ್ಲಿ ಕೂತು ಡಬ್ಬಿ ಸಾಸ್ ಹಾಕೋದು ನನ್ನಿಂದ ಆಗಲ್ಲ.

ನಮ್ಮ ಎಪಿಎಂಸಿ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿಂದ ಲಾರಿ ತುಂಬಿ ಉತ್ತರ ಭಾರತಕ್ಕೆ ಹಣ್ಣು ಹೋಗುತ್ತೆ. ಬೆಳಿಗ್ಗೆ ಹೋದರೆ ಕೆಂಪು ಕ್ರೇಟುಗಳ ಗೋಡೆ ಎದ್ದಿರುತ್ತೆ, ಹರಾಜು ಕೂಗುವವರ ದನಿ ಬಿಟ್ಟರೆ ಬೇರೆ ಏನೂ ಕೇಳಿಸಲ್ಲ. ಲೆಕ್ಕವೆಲ್ಲಾ ಬಾಕ್ಸಿನಲ್ಲಿ, ಒಂದು ಬಾಕ್ಸಿಗೆ 15 ಕೆಜಿ. ನಮ್ಮ ಚಿಕ್ಕಪ್ಪ ಟೊಮೆಟೊ ಬೆಳೆಯುತ್ತಾರೆ. ಕಾಲ ಇದ್ದಾಗ ಅವರ ತೋಟದಿಂದಲೇ ಬರುತ್ತೆ, ಇಲ್ಲದಾಗ ಮಾರುಕಟ್ಟೆಯಿಂದ ತರುತ್ತೇವೆ.

ದೂರದ ಊರಿಗೆ ಹೋಗುವ ಹಣ್ಣನ್ನು ಇನ್ನೂ ಗಟ್ಟಿ ಇರುವಾಗಲೇ ಕೀಳುತ್ತಾರೆ. ದಾರಿಯಲ್ಲಿ ಒಡೆಯಬಾರದಲ್ಲ. ಸಾಸಿಗೆ ಬೇಕಾಗುವುದು ಅದಕ್ಕೆ ಸರಿಯಾಗಿ ಉಲ್ಟಾ. ಗಿಡದಲ್ಲೇ ಪೂರ್ತಿ ಕೆಂಪಾಗಿ, ಒತ್ತಿದರೆ ಬೆರಳು ಇಳಿಯುವ ಹಣ್ಣು. ಅದು ಲಾರಿ ಹತ್ತಲ್ಲ, ಒಂದು ದಿನ ಬಿಟ್ಟರೆ ಹಾಳು. ಆದ್ದರಿಂದ ಅದನ್ನು ಚೆನ್ನಾಗಿ ಬಳಸುವ ಪುಣ್ಯ ಇರುವುದು ಬೆಳೆಯುವ ಊರಿನಲ್ಲಿ ಇರುವವರಿಗೆ ಮಾತ್ರ.

ಮಾಡುವ ಬಗೆ ಹೀಗೆ. ಹಣ್ಣಿನ ತಲೆಯ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರಿ ಕುದಿಯುವ ನೀರಿಗೆ ಹಾಕಬೇಕು. ಒಂದು ನಿಮಿಷಕ್ಕೆ ಸಿಪ್ಪೆ ತಾನೇ ಸುರುಳಿ ಬಿಡುತ್ತೆ. ತಣ್ಣೀರಿಗೆ ಹಾಕಿ ಸುಲಿದು, ಬೀಜದ ನೀರು ಹಿಂಡಿ ತೆಗೆದು, ಕೈಯಲ್ಲೇ ಕಿವುಚುತ್ತೇನೆ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ತಿಳಿಯಾಗುತ್ತೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಬಿಸಿ ಮಾಡಿ, ಟೊಮೆಟೊ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು. 15 ಕೆಜಿಯ ಬಾಕ್ಸಿಗೆ ಏಳು ಕೆಜಿ ಸಾಸ್ ಕೂಡ ಸಿಗಲ್ಲ. ಸಾಸ್ ಆಯ್ತಾ ಅಂತ ತಿಳಿಯೋಕೆ ಒಂದು ಚಮಚ ತಟ್ಟೆಗೆ ಹಾಕಿ ಓರೆ ಮಾಡುತ್ತೇನೆ. ಸುತ್ತ ನೀರು ಬಿಟ್ಟುಕೊಂಡರೆ ಇನ್ನೂ ಆಗಿಲ್ಲ.

ಇಟಲಿಯವರು ಇಷ್ಟು ಬೇಯಿಸುವುದಿಲ್ಲ. ಅವರ ಸ್ಯಾನ್ ಮರ್ಜಾನೊ ಟೊಮೆಟೊ ಉದ್ದಕ್ಕೆ, ಬೀಜ ಕಮ್ಮಿ, ತಿರುಳು ಜಾಸ್ತಿ. ಕಿವುಚಿ ಹಸಿಯಾಗೇ ಹಚ್ಚಿದರೂ ನಡೆಯುತ್ತೆ. ನಮ್ಮ ಹಣ್ಣಿನಲ್ಲಿ ನೀರು ಜಾಸ್ತಿ, ಹುಳಿಯೂ ಚೂಪು. ಬೇಯಿಸಿದರೆ ಆ ಹುಳಿ ಹದಕ್ಕೆ ಬರುತ್ತೆ. ಸಕ್ಕರೆ ಹಾಕುವುದಿಲ್ಲ. ಹಣ್ಣು ಪೂರ್ತಿ ಹಣ್ಣಾಗಿದ್ದರೆ ಸಕ್ಕರೆ ಬೇಕಾಗಲ್ಲ.

ಅಂದ ಹಾಗೆ, ಟೊಮೆಟೊ ಇಟಲಿಯದೂ ಅಲ್ಲ, ನಮ್ಮದೂ ಅಲ್ಲ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿಗೆ ಹೋದದ್ದು 16ನೇ ಶತಮಾನದಲ್ಲಿ. ಇಟಲಿಯವರು ಅದನ್ನು ತಮ್ಮದು ಮಾಡಿಕೊಂಡರು, ನಾವೂ ಮಾಡಿಕೊಂಡಿದ್ದೇವೆ.

ಟೊಮೆಟೊ ರೇಟು ಏರಿದಾಗ ಪಿಜ್ಜಾ ರೇಟು ಏರಿಸ್ತೀರಾ?

ಇಲ್ಲ. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಅಂಥ ಸಮಯದಲ್ಲೂ ನಾವು ಬೆಲೆ ಏರಿಸಲ್ಲ. ಚಿಕ್ಕಪ್ಪನಂಥವರಿಗೆ ನಾಲ್ಕು ಕಾಸು ಬರುವ ಕಾಲ ಅದು, ನಾವು ಕೊಟ್ಟು ತರುತ್ತೇವೆ. ಬೆಲೆ ಬಿದ್ದಾಗ ಇದೇ ಊರಿನಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುವುದನ್ನು ನೋಡಿದ್ದೇನೆ. ಆಗ ನಾನು ಜಾಸ್ತಿ ಹಣ್ಣು ತಂದು, ಸಾಸ್ ಕಾಯಿಸಿ, ಫ್ರೀಜರಿನಲ್ಲಿ ತುಂಬಿ ಇಡುತ್ತೇನೆ. ಏಳು ಟೇಬಲ್ಲಿನ ಅಂಗಡಿ ಎಷ್ಟು ತಾನೇ ಕೊಳ್ಳೋಕೆ ಆಗುತ್ತೆ? ಆದರೂ ಆದಷ್ಟು ಕೊಳ್ಳುತ್ತೇನೆ.

ಚೀಸ್ ಅಸಲಿನಾ?

ಅಸಲಿ. ಹಾಲಿನ ಮೊಜರೆಲ್ಲಾ. ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ, ಒಳ್ಳೆಯದೇ.

ಒಂದು ಕೆಜಿ ಮೊಜರೆಲ್ಲಾಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಹಾಲಿನ ಊರಿನವರಾದ ನಿಮಗೆ ಹತ್ತು ಲೀಟರಿಗೆ ಎಷ್ಟಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಾಗಿದ್ದರೆ ಕೆಲವು ಕಡೆ ತೀರಾ ಅಗ್ಗಕ್ಕೆ ಸಿಗುವ ‘ಚೀಸ್’ ಯಾವುದು? ಹಾಲಿನ ಕೊಬ್ಬಿನ ಜಾಗದಲ್ಲಿ ತಾಳೆ ಎಣ್ಣೆಯಂಥ ಎಣ್ಣೆ ಹಾಕಿ ಮಾಡಿದ್ದು. ಅದಕ್ಕೆ ಅನಲಾಗ್ ಅನ್ನುತ್ತಾರೆ. ಅದನ್ನು ಮಾರುವುದು ತಪ್ಪಲ್ಲ, ಆದರೆ ಪ್ಯಾಕೆಟ್ ಮೇಲೆ ಹಾಗೆಂದು ಬರೆದಿರಬೇಕು.

ಶುರುವಿನಲ್ಲಿ ನಾವೇ ಒಂದು ಸಲ ಮೋಸ ಹೋದೆವು. ಸಾಮಾನು ಹಾಕುವ ಒಬ್ಬರು ‘ಇದೂ ಅದೇ, ಕಮ್ಮಿ ರೇಟು’ ಅಂತ ಹತ್ತು ಕೆಜಿ ಕೊಟ್ಟು ಹೋದರು. ಬೇಯಿಸಿದರೆ ಎಳೆ ಬರಲಿಲ್ಲ, ಮೇಲೆ ಜಿಡ್ಡು ನಿಂತಿತು, ತಣ್ಣಗಾದ ಮೇಲೆ ರಬ್ಬರಿನ ಹಾಗೆ ಆಯಿತು. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು. ಅಷ್ಟನ್ನೂ ವಾಪಸ್ ಕಳಿಸಿದೆವು. ಅವತ್ತು ಬಂದಿದ್ದ ಎರಡು ಟೇಬಲ್ಲಿನವರಿಗೆ ವಿಷಯ ಹೇಳಿ ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ನಾವು ಬಳಸುವ ಚೀಸಿನ ಪ್ಯಾಕೆಟ್ ಕೌಂಟರ್ ಮೇಲೆಯೇ ಇರುತ್ತೆ. ತಿರುಗಿಸಿ ಓದಿ.

ಚೀಸ್ ವೆಜ್ಜಾ? ಮೊಟ್ಟೆ ಹಾಕ್ತೀರಾ? ಶ್ರಾವಣ ಮಾಸದಲ್ಲಿ ತಿನ್ನಬಹುದಾ?

ಹಾಲು ಒಡೆದು ಚೀಸ್ ಆಗೋಕೆ ರೆನೆಟ್ ಅನ್ನುವ ಪದಾರ್ಥ ಬೇಕು. ಹಳೆಯ ಪದ್ಧತಿಯಲ್ಲಿ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳಿಂದ ತಯಾರಿಸುವ ಸಸ್ಯಾಹಾರಿ ರೆನೆಟ್ ಕೂಡ ಇದೆ. ನಾವು ತರುವ ಚೀಸಿನ ಮೇಲೆ ಹಸಿರು ಚುಕ್ಕೆ ಇದೆ. ಪಿಜ್ಜಾ ಹಿಟ್ಟಿಗೆ ಮೊಟ್ಟೆ ಬೇಕಾಗುವುದೇ ಇಲ್ಲ, ಹಾಕುವುದೂ ಇಲ್ಲ. ನಮ್ಮದು ಪೂರ್ತಿ ವೆಜ್ ಅಡುಗೆಮನೆ. ಚಿಕನ್ ಇಲ್ಲವಾ ಅಂತ ಬೇಜಾರು ಮಾಡಿಕೊಳ್ಳುವವರು ಇದ್ದಾರೆ. ಒಂದೇ ಓವನ್ನಿನಲ್ಲಿ ಎರಡನ್ನೂ ಬೇಯಿಸಿ ನಂಬಿ ಬಂದವರ ಮನಸ್ಸು ನೋಯಿಸೋಕೆ ನಮಗೆ ಇಷ್ಟವಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಬೇರೆ ಸಾಸ್ ಇದೆ. ದಿನಾ ಒಂದು ಸಣ್ಣ ಪಾತ್ರೆಯಲ್ಲಿ ಮಾಡಿ ಇಡುತ್ತೇನೆ. ಆರ್ಡರ್ ಕೊಡುವಾಗಲೇ ಹೇಳಿಬಿಡಿ.

ಮೈದಾ ಒಳ್ಳೇದಲ್ಲ ಅಂತಾರೆ. ರಾಗಿ ಬೇಸ್ ಸಿಗುತ್ತಾ?

ಮುದ್ದೆ ತಿಂದು ಬೆಳೆದ ಊರಲ್ಲಿ ಈ ಪ್ರಶ್ನೆ ಬರದೆ ಇರುತ್ತಾ? ಸಿಗುತ್ತೆ. ಆದರೆ ಪೂರ್ತಿ ರಾಗಿ ಅಲ್ಲ.

ಮೈದಾ ಅಂದರೆ ಹೊಟ್ಟು, ಮೊಳಕೆಯ ಭಾಗ ಎರಡನ್ನೂ ತೆಗೆದ ಗೋಧಿ. ಅದರಲ್ಲಿ ನಾರು ಕಮ್ಮಿ, ನಿಜ. ಆದರೆ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟು ಇರುವುದರಿಂದಲೇ ಹಿಟ್ಟು ಎಳೆದರೆ ಹರಿಯದೆ ಬಲೂನಿನ ಹಾಗೆ ಗಾಳಿ ಹಿಡಿಯುತ್ತೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಬರೀ ರಾಗಿಯಲ್ಲಿ ಮಾಡಿ ನೋಡಿದೆವು. ಉಬ್ಬಲಿಲ್ಲ, ಕತ್ತರಿಸಿದರೆ ಒಡೆಯಿತು. ರಾಗಿ ರೊಟ್ಟಿ ಅಂತ ಕೊಟ್ಟಿದ್ದರೆ ಚೆನ್ನಾಗೇ ಇತ್ತು, ಪಿಜ್ಜಾ ಆಗಲಿಲ್ಲ. ಹಲವು ತಿಂಗಳು ಮಾಡಿ ಮಾಡಿ, ಕೊನೆಗೆ ನಾಲ್ಕರಲ್ಲಿ ಒಂದು ಪಾಲು ರಾಗಿ, ಉಳಿದದ್ದು ಗೋಧಿ, ಮೈದಾ ಅಂತ ನಿಂತಿದ್ದೇವೆ. ರಾಗಿಯನ್ನು ಮೊದಲು ಬಿಸಿನೀರಲ್ಲಿ ಕಲಸಿ ತಣ್ಣಗಾಗಲು ಬಿಟ್ಟು ಆಮೇಲೆ ಸೇರಿಸಿದರೆ ಬೇಸ್ ಮೆತ್ತಗಿರುತ್ತೆ. ಈ ಉಪಾಯ ಹೇಳಿಕೊಟ್ಟದ್ದು ನಮ್ಮಮ್ಮ.

ಗ್ಲುಟೆನ್ ಪೂರ್ತಿ ಬಿಡಬೇಕು ಅಂತ ಡಾಕ್ಟರ್ ಹೇಳಿರುವವರು ದಯವಿಟ್ಟು ನಮ್ಮಲ್ಲಿ ತಿನ್ನಬೇಡಿ. ನಮ್ಮ ಅಡುಗೆಮನೆಯ ಗಾಳಿಯಲ್ಲೇ ಗೋಧಿ ಹಿಟ್ಟು ಇರುತ್ತೆ.

ಶುಗರ್ ಇದೆ. ತಿನ್ನಬಹುದಾ?

ಎಷ್ಟು ತಿನ್ನಬಹುದು ಅನ್ನೋದನ್ನ ನಿಮ್ಮ ಡಾಕ್ಟರನ್ನೇ ಕೇಳಿ. ನಾನು ಹೇಳಬಲ್ಲದ್ದು ಇಷ್ಟು. ಹಿಟ್ಟಿನ ಜೊತೆ ಚೀಸಿನ ಜಿಡ್ಡು ಇರುವುದರಿಂದ ಸಕ್ಕರೆ ತಕ್ಷಣ ಏರದೆ ತಡವಾಗಿ ಏರಬಹುದು. ತಿಂದ ಒಂದು ಗಂಟೆಗೆ ನೋಡಿ ‘ಏನೂ ಆಗಿಲ್ಲ’ ಅಂತ ಇನ್ನೆರಡು ತುಂಡು ತಿನ್ನಬೇಡಿ. ಮೊದಲು ಸೌತೆಕಾಯಿ, ಕ್ಯಾರೆಟ್ ಕೋಸಂಬರಿ ತಗೊಳ್ಳಿ. ಕೂಲ್ ಡ್ರಿಂಕ್ ಬೇಡ, ಮಜ್ಜಿಗೆ ಇದೆ.

ಇಷ್ಟು ಕೆಂಪಗಿದೆ, ಖಾರ ಜಾಸ್ತಿ ಅಲ್ವಾ? ಮಕ್ಕಳು ತಿಂತಾರಾ?

ಕೆಂಪು ಬಣ್ಣ ಟೊಮೆಟೊದ್ದು, ಮೆಣಸಿನಕಾಯಿ ಹಾಕಿಯೇ ಇಲ್ಲ. ಬಣ್ಣ ನೋಡಿ ಖಾರ ಅಳೆಯೋಕೆ ಆಗಲ್ಲ ಅಂತ ಬಂಗಾರಪೇಟೆ ಪಾನಿಪುರಿ ತಿಂದ ನಮಗೆ ಗೊತ್ತೇ ಇದೆ. ಆ ನೀರು ನೋಡೋಕೆ ಕುಡಿಯೋ ನೀರಿನ ಹಾಗೆ ತಿಳಿಯಾಗಿರುತ್ತೆ, ಬಾಯಿಗೆ ಹಾಕಿದ ಮೇಲೆ ಗೊತ್ತಾಗುತ್ತೆ. ಖಾರ ಬೇಕಾದವರಿಗೆ ಟೇಬಲ್ ಮೇಲೆ ಮೆಣಸಿನಕಾಯಿ ತರಿ ಇಟ್ಟಿದ್ದೇವೆ.

ಆ ಒಣಗಿದ ಎಲೆ ಪುಡಿ ಏನು? ಓಮದ ವಾಸನೆ ಬರುತ್ತೆ.

ಓರೆಗಾನೋ. ನಿಮ್ಮ ಮೂಗು ಸರಿಯಾಗೇ ಹಿಡಿದಿದೆ. ಓಮ, ದೊಡ್ಡಪತ್ರೆ, ಓರೆಗಾನೋ ಮೂರರಲ್ಲೂ ಒಂದೇ ಜಾತಿಯ ಘಮದ ಎಣ್ಣೆಗಳಿವೆ. ಅದಕ್ಕೇ ಓರೆಗಾನೋ ಮೂಸಿದ ಅಮ್ಮಂದಿರಿಗೆಲ್ಲಾ ದೊಡ್ಡಪತ್ರೆ ತಂಬುಳಿ ನೆನಪಾಗುತ್ತೆ.

ಪಿಜ್ಜಾ ಮೇಲೆ ಹಸಿರಾಗಿ ಹಾಕುವ ಬೇಸಿಲ್ ಎಲೆಯನ್ನೂ ಇದೇನು ಅಂತ ಕೇಳುತ್ತಾರೆ. ಅದು ನಮ್ಮ ಕಾಮಕಸ್ತೂರಿ. ಹೂವಿನ ಅಂಗಡಿಯಲ್ಲಿ ಮಲ್ಲಿಗೆ, ಕನಕಾಂಬರದ ಪಕ್ಕದಲ್ಲೇ ಇಟ್ಟು ಮಾರುತ್ತಾರಲ್ಲ, ಅದೇ ಗಿಡದ ಬಳಗ. ಅಂಗಡಿ ಹಿಂದೆ ಆರು ಕುಂಡಗಳಲ್ಲಿ ಬೆಳೆಸಿದ್ದೇನೆ. ಟೊಮೆಟೊ, ಬಿಳಿ ಚೀಸ್, ಬೇಸಿಲ್ ಮೂರೇ ಇರುವ ಪಿಜ್ಜಾಗೆ ಮಾರ್ಗರೀಟಾ ಅಂತ ಹೆಸರು. 1889ರಲ್ಲಿ ನೇಪಲ್ಸಿಗೆ ಬಂದ ಇಟಲಿಯ ರಾಣಿ ಮಾರ್ಗರೀಟಾಳ ಹೆಸರು ಇಟ್ಟರು ಅನ್ನುವ ಕಥೆ ಇದೆ. ಮೊದಲ ಸಲ ಬಂದವರಿಗೆ ನಾನು ಹೇಳುವುದು ಇದನ್ನೇ. ಮೇಲೆ ಹತ್ತು ಬಗೆ ತರಕಾರಿ ಹೇರಿದರೆ ಬೇಸ್ ಒದ್ದೆಯಾಗುತ್ತೆ, ಯಾವುದರ ರುಚಿಯೂ ಸರಿಯಾಗಿ ಸಿಗಲ್ಲ. ದಪ್ಪ ಮೆಣಸಿನಕಾಯಿ, ಸ್ವೀಟ್ ಕಾರ್ನ್, ಅಣಬೆ ಬೇಕಾದರೆ ಹಾಕುತ್ತೇವೆ, ಎರಡು ಬಗೆ ಸಾಕು ಅನ್ನೋದು ನನ್ನ ಮಾತು.

ಪಾರ್ಸೆಲ್ ಕೊಡ್ತೀರಾ? ಮನೆಗೆ ಕಳಿಸ್ತೀರಾ?

ಪಾರ್ಸೆಲ್ ಕೊಡುತ್ತೇವೆ, ಮನೆಗೆ ಕಳಿಸುವುದಿಲ್ಲ. ಡಬ್ಬದೊಳಗೆ ಮುಚ್ಚಿದ ಕೂಡಲೇ ಪಿಜ್ಜಾದ ಹಬೆ ಅದರ ಮೇಲೇ ನೀರಾಗಿ ಇಳಿಯುತ್ತೆ. ಹತ್ತು ನಿಮಿಷಕ್ಕೆ ಗರಿ ಹೋಗಿ ಮೆತ್ತಗಾಗುತ್ತೆ. ದೋಸೆ ಪಾರ್ಸೆಲ್ ತಂದರೆ ಏನಾಗುತ್ತೆ? ಮುಳಬಾಗಿಲು ದೋಸೆಯನ್ನು ಕಲ್ಲಿನ ಪಕ್ಕ ನಿಂತು ತಿನ್ನೋದಕ್ಕೂ ಮನೆಗೆ ತಂದು ತಿನ್ನೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಆದಷ್ಟು ಇಲ್ಲೇ ಕೂತು, ಬಿಸಿ ಇರುವಾಗಲೇ ತಿನ್ನಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮಾರನೇ ದಿನ ಬಿಸಿ ಮಾಡೋಕೆ ಮೈಕ್ರೋವೇವ್ ಬೇಡ. ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಇಟ್ಟು ತುಂಡು ಇಡಿ. ಎರಡು ನಿಮಿಷಕ್ಕೆ ಅಡಿ ಗರಿ ಆಗುತ್ತೆ. ಆಗ ಪಿಜ್ಜಾಗೆ ತಗಲದಂತೆ ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಆ ಹಬೆಗೆ ಚೀಸ್ ಮತ್ತೆ ಕರಗುತ್ತೆ.

ಬಿಲ್ಲಿನಲ್ಲಿ ಏನೇನು ಸೇರಿಸ್ತೀರಿ?

ಮೆನುವಿನಲ್ಲಿರುವ ಬೆಲೆ, ಅದರ ಮೇಲೆ 5% ಜಿಎಸ್‌ಟಿ. ಸರ್ವಿಸ್ ಚಾರ್ಜ್ ಇಲ್ಲ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಎಲ್ಲಾದರೂ ಸೇರಿಸಿದ್ದರೆ ತೆಗೆಯಿರಿ ಅಂತ ಕೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ಇಂತಿಷ್ಟು ಅಂತ ತೆರಿಗೆಯನ್ನು ತಾವೇ ಕಟ್ಟುವ ಸಣ್ಣ ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೇ ಇಲ್ಲ, ಇದೂ ಗೊತ್ತಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಬಿಲ್ಲಿನ ಮೇಲೆ ಇರಬೇಕು. ನಮ್ಮ ಬಿಲ್ಲಿನಲ್ಲಿ ಕೆಳಗಡೆ ಇದೆ.

ಹುಟ್ಟುಹಬ್ಬಕ್ಕೆ ಕೇಕ್ ತರಬಹುದಾ?

ತನ್ನಿ, ತಟ್ಟೆ ಚಾಕು ನಾವು ಕೊಡುತ್ತೇವೆ. ಸ್ನೋ ಸ್ಪ್ರೇ ಮಾತ್ರ ಬೇಡವೇ ಬೇಡ. ಅಂಥ ಡಬ್ಬಗಳಲ್ಲಿ ಎಷ್ಟೋ ಸಲ ಬೇಗ ಹೊತ್ತಿಕೊಳ್ಳುವ ಗ್ಯಾಸ್ ಇರುತ್ತೆ. ಕೇಕಿನ ಮೇಲಿನ ಒಂದು ಮೇಣದಬತ್ತಿಯೇ ಸಾಕು ಮಗುವಿನ ಮುಖ ಸುಡೋಕೆ.

ತಂದ ಪಿಜ್ಜಾ ಸರಿ ಇಲ್ಲದಿದ್ದರೆ?

ಸುಮ್ಮನೆ ತಿಂದು, ದುಡ್ಡು ಕೊಟ್ಟು, ಹೊರಗೆ ಹೋಗಿ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಊರಿನವರಿಗೆ ದಾಕ್ಷಿಣ್ಯ ಜಾಸ್ತಿ. ಒಂದು ಸಲ ಒಬ್ಬ ಅಣ್ಣ ನಡುವೆ ಹಸಿ ಇದ್ದ ಪಿಜ್ಜಾ ಪೂರ್ತಿ ತಿಂದು ಹೋಗಿದ್ದರು. ತಟ್ಟೆಯಲ್ಲಿ ಉಳಿದಿದ್ದ ಬಿಳಿ ಹಿಟ್ಟು ನೋಡಿ ನನಗೆ ಗೊತ್ತಾಯಿತು. ರಸ್ತೆಗೆ ಓಡಿದೆ, ಅಷ್ಟರಲ್ಲಿ ಬೈಕ್ ಹೋಗಿಬಿಟ್ಟಿತ್ತು. ಆ ಅಣ್ಣ ಇದನ್ನು ಓದಿದರೆ ಇನ್ನೊಂದು ಸಲ ಬನ್ನಿ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದಿರಿ, ಅಣಬೆ ಪಿಜ್ಜಾ. ಅದನ್ನು ಸರಿಯಾಗಿ ಬೇಯಿಸಿ ಕೊಡೋದು ನಮ್ಮ ಮೇಲೆ ಬಾಕಿ ಇದೆ.

ಅಡುಗೆಮನೆ ಒಳಗೆ ಬಂದು ನೋಡಬಹುದಾ?

ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಟೋಪಿ ಹಾಕಿಕೊಳ್ಳಬೇಕು. ಟೋಪಿ ಬಾಗಿಲಲ್ಲೇ ಇದೆ. ಮಂಗಳವಾರ, ಬುಧವಾರ ಸಂಜೆ 5 ಗಂಟೆಗೆ ಬಂದರೆ ಮಕ್ಕಳಿಗೆ ಒಂದೊಂದು ಸಣ್ಣ ಉಂಡೆ ಕೊಟ್ಟು ಅವರ ಕೈಯಲ್ಲೇ ಒತ್ತಿಸುತ್ತೇವೆ. ದುಂಡಗೆ ಬರದಿದ್ದರೂ ಹಾಗೇ ಬೇಯಿಸಿ ಅವರ ತಟ್ಟೆಗೇ ಹಾಕುತ್ತೇವೆ.